ಅಬ್ಬಾನ ನಿಬ್ಬು

ಅಬ್ಬಾ ತೀರಿಕೊಂಡ ಮೇಲೆ ಅವರ ಟ್ರಂಕಿನಿಂದ ನಾನು ಕೇಳಿ ಪಡೆದದ್ದು ಒಂದೇ ವಸ್ತು, ಕಪ್ಪು ಬಣ್ಣದ ಒಂದು ಪೆನ್ನು. ಅಕ್ಕಂದಿರು ನಕ್ಕರು. ‘ಬರೆಯೋನಿಗೆ ಅದೇ ಆಸ್ತಿ, ತಗೊಳ್ಳಲಿ’ ಎಂದು ಅಮ್ಮಿ ಕೈಗಿಟ್ಟರು.

ಅಬ್ಬಾ ಉರ್ದು ಶಾಲೆಯ ಮೇಷ್ಟ್ರು. ಹಡಗಿನಲ್ಲಿ ಹಜ್‌ಗೆ ಹೋಗಿ ಬಂದ ನಾನಾ, ಹೊಸ ಅಳಿಯನಿಗೆಂದು ಈ ಪೆನ್ನು ತಂದಿದ್ದರಂತೆ. ಶಾಲೆಯ ಹಾಜರಿ ಪುಸ್ತಕ, ಊರವರ ಕಾಗದ ಪತ್ರ, ಎಲ್ಲವನ್ನೂ ಅಬ್ಬಾ ಅದರಲ್ಲೇ ಬರೆಯುತ್ತಿದ್ದರು. ನಮಗೆ ಮುಟ್ಟಲೂ ಬಿಡುತ್ತಿರಲಿಲ್ಲ. ‘ಇನ್ನೊಬ್ಬರ ಕೈ ಬಿದ್ದರೆ ನಿಬ್ಬು ಕೆಡುತ್ತೆ’ ಎನ್ನುತ್ತಿದ್ದರು. ಅದು ಜಿಪುಣತನದ ಮಾತೆಂದೇ ನಾನು ತಿಳಿದಿದ್ದೆ.

ಪೆನ್ನು ನಿಜಕ್ಕೂ ಪಾರ್ಕರ್ ಹೌದೇ ಎಂಬ ಅನುಮಾನ ನನಗಿತ್ತು. ಅದೇ ಆಕಾರದ, ಶಾಂಘೈನ ಹೀರೋ ಪೆನ್ನುಗಳನ್ನು ಅಂಗಡಿಗಳಲ್ಲಿ ನೋಡುತ್ತಲೇ ಬೆಳೆದವನು ನಾನು. ಹಳೆಯ ಪೆನ್ನು ರಿಪೇರಿ ಮಾಡುವ ಚಾಚಾ ಒಬ್ಬರ ಹತ್ತಿರ ಕೊಂಡುಹೋದೆ. ಅವರು ಹಿಂಬದಿಯನ್ನು ತಿರುಗಿಸಿ ಬಿಚ್ಚಿದರು. ಒಳಗಿದ್ದ ಲೋಹದ ಕವಚದ ಮೇಲೆ ‘ಪಾರ್ಕರ್ 51’ ಎಂಬ ಹೆಸರೂ, ಒತ್ತಿ ಶಾಯಿ ತುಂಬುವ ಕ್ರಮವೂ ಕೊರೆದಿತ್ತು. ಈ ಮಾದರಿ ಮಾರುಕಟ್ಟೆಗೆ ಬಂದದ್ದು 1941ರಲ್ಲಿ. ಆದರೆ ಹೀಗೆ ಒತ್ತಿ ತುಂಬುವ ವ್ಯವಸ್ಥೆ ಬಂದದ್ದು 1948ರಲ್ಲಿ. ಆದ್ದರಿಂದ ಅಬ್ಬಾನ ಪೆನ್ನು ಅದಕ್ಕಿಂತ ಹಳೆಯದಲ್ಲ. ಒಂದು ಪೆನ್ನಿನ ವಯಸ್ಸನ್ನು ಅದರ ಹೊಟ್ಟೆ ನೋಡಿ ಹೇಳಬಹುದೆಂದು ನಾನು ಕಲಿತದ್ದು ಅಂದು.

ಚಾಚಾ ಬಳಿಕ ಭೂತಗನ್ನಡಿಯಲ್ಲಿ ನಿಬ್ಬಿನ ತುದಿ ನೋಡಿ ಕೇಳಿದರು: ‘ಇದರಲ್ಲಿ ಬರೆಯುತ್ತಿದ್ದವರು ಉರ್ದುವಿನವರಾ?’

ನನಗೆ ಆಶ್ಚರ್ಯವಾಯಿತು. ಚಿನ್ನದ ನಿಬ್ಬಿನ ತುದಿಗೆ ಗಟ್ಟಿ ಲೋಹದ ಸಣ್ಣ ಕಾಳೊಂದನ್ನು ಬೆಸೆದಿರುತ್ತಾರೆ. ವರ್ಷಗಟ್ಟಲೆ ಒಂದೇ ಕೈ ಬರೆದರೆ, ಆ ಕೈಯ ಓರೆಗೆ ತಕ್ಕಂತೆ ಅದು ಸವೆಯುತ್ತದೆ. ಬಲದಿಂದ ಎಡಕ್ಕೆ ಸಾಗುವ ಉರ್ದು ಬರಹದ ಸವೆತ, ಎಡದಿಂದ ಬಲಕ್ಕೆ ದುಂಡಗೆ ತಿರುಗುವ ಕನ್ನಡದ್ದಕ್ಕಿಂತ ಬೇರೆ ಎಂದು ಅವರು ವಿವರಿಸಿದರು. ನಾನು ಕತೆ ಬರೆಯಲು ಕೂತಾಗಲೆಲ್ಲ ಆ ಪೆನ್ನು ಕಾಗದವನ್ನು ಗೀರುತ್ತಿದ್ದುದೇಕೆಂದು ಆಗ ತಿಳಿಯಿತು.

‘ಕನ್ನಡಕ್ಕೆ ಸರಿಮಾಡಿ ಕೊಡಿ’ ಎಂದೆ.

‘ಮಾಡಬಹುದು. ಮಾಡಲೇಬೇಕಾ?’ ಎಂದರು. ಹೌದೆಂದೆ. ಇನ್ನೊಮ್ಮೆ ಕೇಳಿದರು. ಆಗಲೂ ಹೌದೆಂದೆ. ತೀರಾ ನಯವಾದ ಉಜ್ಜುಕಾಗದದ ಮೇಲೆ ನಿಬ್ಬನ್ನು ಎಂಟು ಹತ್ತು ಸಲ ಸುತ್ತಿಸಿದರು, ಅಷ್ಟೆ. ಪೆನ್ನು ಬೆಣ್ಣೆಯಂತೆ ಬರೆಯಿತು. ಖುಷಿಯಿಂದ ಮನೆಗೆ ಬಂದೆ.

ಆ ರಾತ್ರಿ ಅಬ್ಬಾನ ಹಳೆಯ ನೋಟ್‌ಬುಕ್ ತೆರೆದಾಗ ಎದೆ ಧಸಕ್ಕೆಂದಿತು. ಅಕ್ಷರಗಳು ಕಾಗದದ ಮೇಲಿದ್ದವು. ಅವನ್ನು ಬರೆದ ಕೈಯ ಗುರುತು ಮಾತ್ರ ನಿಬ್ಬಿನ ತುದಿಯಲ್ಲಿತ್ತು. ಮೂವತ್ತು ವರ್ಷದಲ್ಲಿ ಮೂಡಿದ್ದನ್ನು ನಾನು ಅರ್ಧ ನಿಮಿಷದಲ್ಲಿ ಅಳಿಸಿಹಾಕಿದ್ದೆ. ಅಬ್ಬಾ ಹೇಳಿದ್ದು ಜಿಪುಣತನದ ಮಾತಾಗಿರಲಿಲ್ಲ.

ನಾನು ಹಳೆಯ ಪೆನ್ನುಗಳ ಹಿಂದೆ ಬಿದ್ದದ್ದು ಆಮೇಲೆಯೇ. ಮೊದಲು ಗುರುತು ಹಿಡಿಯಲು ಕಲಿತೆ. ಬಿಸಿಲು ಬೆಳಕಿಗೆ ಕಪ್ಪು ಹೋಗಿ ಕಂದು ತಿರುಗಿದ್ದರೆ, ಹೆಬ್ಬೆರಳಿನಿಂದ ಉಜ್ಜಿದಾಗ ಗಂಧಕದ ವಾಸನೆ ಬಂದರೆ, ಅದು ಎಬೊನೈಟ್, ಅಂದರೆ ಗಟ್ಟಿ ಮಾಡಿದ ರಬ್ಬರು. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಎಬೊನೈಟನ್ನು ನೀರಲ್ಲಿ ನೆನೆಹಾಕಬಾರದು, ಇದ್ದ ಬಣ್ಣವೂ ಹೋಗುತ್ತದೆ. ಪಕ್ಕದಲ್ಲಿ ಸಣ್ಣ ಸನ್ನೆ ಇದ್ದರೆ ಒಳಗೆ ರಬ್ಬರ್ ಚೀಲವಿರುತ್ತದೆ. ಅದು ಒಣಗಿ ಪುಡಿಯಾಗಿರುವುದೇ ಹೆಚ್ಚು, ಬಲವಂತವಾಗಿ ಎತ್ತಿದರೆ ಸನ್ನೆಯೇ ಮುರಿಯಬಹುದು. ನಮ್ಮ ದೇಶದ ಪೆನ್ನುಗಳನ್ನೂ ಕಡೆಗಣಿಸಬಾರದು. ಗಾಂಧೀಜಿಯ ಸ್ವದೇಶಿ ಮಾತಿಗೆ ಓಗೊಟ್ಟು ರಾಜಮಂಡ್ರಿಯ ರತ್ನಂ ಅವರು 1930ರ ದಶಕದಲ್ಲೇ ಪೆನ್ನು ತಯಾರಿಸಿದ್ದರು.

ಸಂಗ್ರಾಹಕರಲ್ಲಿ ಹಲವರು ಹೆಸರು ಕೆತ್ತಿಸಿದ ಪೆನ್ನನ್ನು ಕೊಳ್ಳಲು ಹಿಂದೆಗೆಯುತ್ತಾರೆ, ಅದರ ಬೆಲೆ ಇಳಿಯುತ್ತದೆ. ನಾನು ಹುಡುಕುವುದು ಅಂಥದ್ದನ್ನೇ. ಒಮ್ಮೆ ಬೆಂಗಳೂರಿನ ಚಿಕ್ಕಪೇಟೆ ಬಳಿಯ ಸಂಡೇ ಬಜಾರಿನಲ್ಲಿ, ತುಕ್ಕು ಹಿಡಿದ ಬೀಗ, ಕನ್ನಡಕಗಳ ನಡುವೆ ಡ್ರಾಪರ್‌ನಿಂದ ಶಾಯಿ ತುಂಬುವ ಒಂದು ಎಬೊನೈಟ್ ಪೆನ್ನು ಸಿಕ್ಕಿತು. ಮೈಮೇಲೆ ಉರ್ದುವಿನಲ್ಲಿ ಯಾರದೋ ಹೆಸರು, ಕೆಳಗೆ ‘ಮುದರ್ರಿಸ್’ ಎಂದು ಕೆತ್ತಿತ್ತು. ಮುದರ್ರಿಸ್ ಅಂದರೆ ಮೇಷ್ಟ್ರು.

‘ಅದು ಗೀರು ಸಾರ್, ಪಾಲಿಶ್ ಹೊಡೆದರೆ ಹೋಗುತ್ತೆ’ ಎಂದ ಮಾರುವ ಹುಡುಗ.

ಗುಜರಿಗೆ ಹಾಕಿದ ಮನೆಯಲ್ಲಿಯೂ ಅದನ್ನು ಓದಬಲ್ಲವರು ಯಾರೂ ಉಳಿದಿರಲಿಲ್ಲವೋ ಏನೋ. ಆ ಮನೆಯನ್ನು ದೂರಲು ನನಗೆ ಬಾಯಿಲ್ಲ. ಕಲಮಿನ ಹೆಸರಿನಲ್ಲೇ ಒಂದು ಸೂರಾ ಇರುವ ಕುರ್‌ಆನನ್ನು ನನ್ನ ಮಗಳು ಓದುತ್ತಾಳೆ. ಆದರೆ ಅವಳಿಗೆ ತನ್ನ ದಾದಾನ ಕೈಬರಹ ಓದಲು ಬರುವುದಿಲ್ಲ. ನಾನು ಕಲಿಸಿಲ್ಲ.

ಆ ಪೆನ್ನಿನ ನಿಬ್ಬನ್ನು ನಾನು ಉಜ್ಜಿಸಿಲ್ಲ, ಪಾಲಿಶ್ ಕೂಡ ಮಾಡಿಸಿಲ್ಲ. ಕನ್ನಡ ಬರೆದರೆ ಗೀರುತ್ತದೆ. ಭಾನುವಾರ ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರಲ್ಲಿ ಅಲಿಫ್, ಬೇ, ಪೇ ಬರೆದು ತೋರಿಸುತ್ತೇನೆ. ಆಗ ಗೀರುವುದಿಲ್ಲ.