ನೊರೆ ಇಳಿದ ಮೇಲೆ

ನೊರೆಗೆ ನಮ್ಮ ಕಡೆ ಮೊದಲಿನಿಂದಲೂ ಮರ್ಯಾದೆ ಹೆಚ್ಚು. ಕಾಫಿಯ ಮೇಲೆ ನೊರೆ ನಿಂತಿರದಿದ್ದರೆ ನಮ್ಮ ಮಾವನವರು ಲೋಟವನ್ನು ಕೈಗೇ ತೆಗೆದುಕೊಳ್ಳುತ್ತಿರಲಿಲ್ಲ. ಮನೆಗೆ ಬಂದವರಿಗೆ ಆಗತಾನೆ ಕರೆದ ನೊರೆಹಾಲು ಕೊಟ್ಟರೆ ಅದಕ್ಕಿಂತ ದೊಡ್ಡ ಸತ್ಕಾರವಿರಲಿಲ್ಲ. ಮದುವೆಯಾದ ಹೊಸದರಲ್ಲಿ ಎರಡು ಲೋಟಗಳ ನಡುವೆ ಕಾಫಿ ಎತ್ತಿ ಹೊಯ್ಯುವುದನ್ನು ಕಲಿಯುವಾಗ ಎಷ್ಟನ್ನು ಸೀರೆಯ ಮೇಲೆ ಚೆಲ್ಲಿಕೊಂಡೆನೋ ಲೆಕ್ಕವಿಲ್ಲ. ಹೀಗೆ ನೊರೆಯೆಂದರೆ ಸಮೃದ್ಧಿಯೆಂದೇ ನಂಬಿದ್ದ ನನಗೆ ಅದು ಮೋಸವನ್ನೂ ಮಾಡಬಲ್ಲದೆಂದು ತಿಳಿದದ್ದು ಐವತ್ತು ದಾಟಿದ ಮೇಲೆ.

2023ರ ಮಳೆಗಾಲದಲ್ಲಿ ನಮ್ಮ ಅತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಗ ಅವರಿಗೆ 81 ವರ್ಷ. ಶಸ್ತ್ರಚಿಕಿತ್ಸೆಯೇನೋ ಚೆನ್ನಾಗಿಯೇ ಆಯಿತು. ಆದರೆ ಮನೆಗೆ ಬಂದ ಮೇಲೆ ಊಟ ಸೇರದಾಯಿತು. ತೂಕ 42 ಕಿಲೋಗೆ ಇಳಿಯಿತು. ಮಾಂಸಖಂಡಗಳಿಗೆ ಬಲ ಬಾರದೆ ಅವರು ಎದ್ದು ನಡೆಯುವುದು ಕಷ್ಟ ಎಂದರು ವೈದ್ಯರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ, ಆರೋಗ್ಯವಾಗಿರುವ ದೊಡ್ಡವರಿಗೇ ದೇಹತೂಕದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ಇವರಿಗೆ ಒಂದು ಗ್ರಾಮಿಗಿಂತ ಕಡಿಮೆಯಾಗಲೇಬಾರದು ಎಂಬುದು ವೈದ್ಯರ ಮಾತು. ಎಂದರೆ ದಿನಕ್ಕೆ 42 ಗ್ರಾಂ. ಎರಡು ತುತ್ತು ಅನ್ನ, ಸಾರು, ಅರ್ಧ ಇಡ್ಲಿಯಲ್ಲಿ ಅಷ್ಟು ಎಲ್ಲಿಂದ ಬರಬೇಕು? ಮೂತ್ರಪಿಂಡದ ಪರೀಕ್ಷೆ ಮಾಡಿಸಿ, ಅಡ್ಡಿಯಿಲ್ಲವೆಂದ ಮೇಲೆ ಪ್ರೋಟೀನ್ ಪುಡಿಯ ಡಬ್ಬಿ ನಮ್ಮ ಅಡುಗೆಮನೆಗೆ ಬಂತು.

ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಎಂದು ನಿಯಮ ಮಾಡಿದೆ. 150 ಮಿಲಿಲೀಟರ್ ಹಾಲು, ಒಂದು ಬಾಳೆಹಣ್ಣು, ಒಂದು ಅಳತೆ ಪುಡಿ. ಎಲ್ಲವನ್ನೂ ಮಿಕ್ಸಿಯ ದೊಡ್ಡ ಜಾರಿಗೆ ಒಟ್ಟಿಗೆ ಸುರಿದು ಗುಂಡಿಯನ್ನು ಮೂರಕ್ಕೆ ತಿರುಗಿಸಿದರೆ ಕ್ಷಣದಲ್ಲಿ ಜಾರಿನ ತುಂಬ ಬಿಳಿ ನೊರೆ. ಲೋಟ ಕಂಠಪೂರ್ತಿ ತುಂಬಿ ಇನ್ನೂ ಉಳಿಯುತ್ತಿತ್ತು. ಉಳಿದದ್ದನ್ನು ಚೆಲ್ಲುವುದೇಕೆಂದು ನಾನೇ ನಿಂತಲ್ಲೇ ಕುಡಿದು, ಜಾರನ್ನು ನೀರಿನಲ್ಲಿಟ್ಟು ಶಾಲೆಯ ಬಸ್ಸಿಗೆ ಓಡುತ್ತಿದ್ದೆ. ಅತ್ತೆಗೆ ತುಂಬಿದ ಲೋಟ ಕೊಟ್ಟ ಸಮಾಧಾನ ದಿನವಿಡೀ ಇರುತ್ತಿತ್ತು.

ಆರು ವಾರದ ಮೇಲೆ ತಪಾಸಣೆಗೆ ಹೋದಾಗ ಅವರ ತೂಕ ಅರ್ಧ ಕಿಲೋ ಕಡಿಮೆಯಾಗಿತ್ತು. ಅದೇ ತಕ್ಕಡಿಯ ಮೇಲೆ ಸುಮ್ಮನೆ ನಾನೂ ನಿಂತೆ. ನಾನು ಎರಡು ಕಿಲೋ ಹೆಚ್ಚಾಗಿದ್ದೆ! ನಗು ಬರಬೇಕಿತ್ತು, ನನಗೆ ಸಿಟ್ಟು ಬಂತು. ಆಟೋದಲ್ಲಿ ಬರುವಾಗ, "ಮಾಡಿಕೊಟ್ಟದ್ದನ್ನು ಅರ್ಧ ಕುಡಿದು ಇಟ್ಟರೆ ನಾನಾದರೂ ಏನು ಮಾಡಲಿ ಅತ್ತೆ?" ಎಂದುಬಿಟ್ಟೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ರಸ್ತೆ ನೋಡುತ್ತ ಕುಳಿತರು.

ಮುಂದಿನ ಭಾನುವಾರ ಲೋಟವನ್ನು ಅವರ ಮಂಚದ ಪಕ್ಕದ ಕಿಟಕಿಯಲ್ಲಿಟ್ಟೆ. ಅಷ್ಟರಲ್ಲಿ ತಂಗಿಯ ಫೋನು ಬಂತು. ಕಾಲು ಗಂಟೆ ಕಳೆದು ಬಂದು ನೋಡಿದರೆ ಲೋಟ ಮುಕ್ಕಾಲೂ ಇಲ್ಲ. ಕಂಠದ ಬಳಿ ನೊರೆ ಒಣಗಿದ ಗೆರೆ ಮಾತ್ರ ಇತ್ತು.

"ಇಷ್ಟಾದರೂ ಕುಡಿದಿರಲ್ಲ," ಎಂದೆ.

"ನಾನು ಮುಟ್ಟೇ ಇಲ್ಲ ಕಣೇ. ದಿನಾ ಅದಿರೋದೇ ಅಷ್ಟು. ನೀನು ನೋಡೋಕೆ ನಿಂತಿದ್ದು ಇವತ್ತು. ಗಾಳಿ ಕುಡಿದು ಕುಡಿದು ಹೊಟ್ಟೆ ಉಬ್ಬರಿಸತ್ತೆ, ಮಧ್ಯಾಹ್ನ ಊಟ ಎಲ್ಲಿ ಸೇರತ್ತೆ?"

"ಒಂದು ಮಾತು ಹೇಳಬಾರದಾಗಿತ್ತೇ?"

"ನಿನಗೆ ಮೊದಲೇ ಅವಸರ. ಅದರ ಮೇಲೆ ಇದೊಂದು ದೂರು ಬೇರೆ ಹೇಳಲಾ?"

ನಾನು ಅಡುಗೆಮನೆಗೆ ಹೋಗಿ ಅಳತೆಯ ಲೋಟ ಹಿಡಿದು ಕುಳಿತೆ. ಲೋಟ ಹಿಡಿಸುವುದು 300 ಮಿಲಿಲೀಟರ್. ನೊರೆ ಇಳಿದ ಮೇಲೆ ಉಳಿದದ್ದು 190. ಮಿಕ್ಕ ಕಾಲು ಪಾಲಿನಷ್ಟು ಜಾರಿನ ತಳದಲ್ಲೇ ಉಳಿದು, ಆರು ವಾರವೂ ನನ್ನ ಹೊಟ್ಟೆಗೆ ಹೋಗಿತ್ತು. ಬೈಸಿಕೊಂಡವರು ಮಾತ್ರ ಅವರು.

ತರಗತಿಯಲ್ಲಿ ಮಕ್ಕಳಿಗೆ ಹೇಳುವ ಪಾಠವೇ ಇದು. ಬರೀ ನೀರನ್ನು ಕಡೆದರೆ ಗುಳ್ಳೆಗಳು ಎದ್ದಷ್ಟೇ ಬೇಗ ಒಡೆಯುತ್ತವೆ. ಹಾಲಿನ ಪ್ರೋಟೀನು ಹಾಗಲ್ಲ. ಒಂದೊಂದು ಗಾಳಿಗುಳ್ಳೆಯ ಸುತ್ತಲೂ ತೆಳುವಾದ ಪೊರೆ ಕಟ್ಟಿ ಅದನ್ನು ಒಡೆಯದಂತೆ ಹಿಡಿದಿಡುತ್ತದೆ. ಪುಡಿ ಹಾಕಿದಷ್ಟೂ ನೊರೆ. ದೊಡ್ಡ ಜಾರಿನಲ್ಲಿ ಸ್ವಲ್ಪವೇ ಹಾಲಿದ್ದು ಅಲಗು ವೇಗವಾಗಿ ತಿರುಗಿದರೆ ನಡುವೆ ಸುಳಿ ಎದ್ದು ಮೇಲಿನ ಗಾಳಿಯನ್ನೆಲ್ಲ ಒಳಗೆಳೆಯುತ್ತದೆ. ಕಾರಣವೆಲ್ಲ ಗೊತ್ತಿತ್ತು, ನನ್ನ ಮನೆಯ ಲೋಟಕ್ಕೆ ಅದನ್ನು ಹೊಂದಿಸಿ ನೋಡಿರಲಿಲ್ಲ ಅಷ್ಟೆ.

ಮೊದಲು ಚಮಚದಿಂದ ನೊರೆ ತೆಗೆದು ಚೆಲ್ಲಲು ಹೋದೆ. ಊರುಗೋಲಿನ ಚೌಕಟ್ಟು ಹಿಡಿದು ಬಾಗಿಲಲ್ಲಿ ಬಂದು ಕುಳಿತಿದ್ದ ಅತ್ತೆ, "ದುಡ್ಡು ಕೊಟ್ಟು ತಂದದ್ದನ್ನ ಮೋರಿಗೆ ಹಾಕ್ತೀಯಲ್ಲೇ!" ಎಂದರು. ಅದೂ ನಿಜವೇ. ನೊರೆಯ ಜೊತೆಗೆ ಅದನ್ನು ಹಿಡಿದಿಟ್ಟ ಪ್ರೋಟೀನೂ ಹೋಗುತ್ತದೆ. ಆಮೇಲೆ ಅವರೇ ಪಾಠ ಹೇಳಿದರು. ಕಡಗೋಲಿನ ತಲೆ ಮಜ್ಜಿಗೆಯಿಂದ ಮೇಲೇಳಬಾರದು, ಮುಳುಗಿಯೇ ಇರಬೇಕು. ಬೇಳೆ ಉಕ್ಕಿದರೆ ಒಂದು ತೊಟ್ಟು ಎಣ್ಣೆ ಬಿಟ್ಟರೆ ಇಳಿಯುತ್ತದೆ. ರಾಗಿ ಹಿಟ್ಟನ್ನು ಮೊದಲು ಸ್ವಲ್ಪ ನೀರಿನಲ್ಲಿ ಕದಡಿಕೊಂಡರೆ ಗಂಟಾಗದು. ಅಂಬಲಿ, ಮಜ್ಜಿಗೆ, ಬೇಳೆಗೆ ಸಲ್ಲುವ ಬುದ್ಧಿ ಈ ಹೊಸ ಪಾನೀಯಕ್ಕೂ ಸಂದಿತು.

ಈಗ ನಾನು ಮಾಡುವ ಕ್ರಮ ಹೀಗೆ. ರಾತ್ರಿ ನೆನೆಸಿದ ಎಂಟು ಹತ್ತು ಕಡಲೆಬೀಜ, ಬಾಳೆಹಣ್ಣು, ಎರಡು ಚಮಚ ಹಾಲು, ಇಷ್ಟನ್ನು ಚಿಕ್ಕ ಜಾರಿನಲ್ಲಿ ನುಣ್ಣಗೆ ರುಬ್ಬಿಕೊಳ್ಳುತ್ತೇನೆ. ಬೀಜದ ಎಣ್ಣೆಯಂಶ ಗುಳ್ಳೆಗಳ ಪೊರೆಯನ್ನು ದುರ್ಬಲ ಮಾಡುತ್ತದೆ. ಅದೇ ಕಾರಣಕ್ಕೆ ಕೆನೆ ತೆಗೆಯದ ಹಾಲೇ ಒಳ್ಳೆಯದು. ಉಳಿದ ಹಾಲು ಬೆರೆಸಿ, ಅಲಗು ಮುಳುಗಿದೆಯೆಂದು ನೋಡಿಕೊಂಡು, ಒಂದರ ವೇಗದಲ್ಲಿ ಎರಡೇ ಸಲ ತಿರುಗಿಸಿ ನಿಲ್ಲಿಸುತ್ತೇನೆ. ಪುಡಿಯನ್ನು ಮಿಕ್ಸಿಗೆ ಹಾಕುವುದೇ ಇಲ್ಲ. ಬಟ್ಟಲಿನಲ್ಲಿ ಸ್ವಲ್ಪ ಹಾಲಿನೊಡನೆ ಕದಡಿ, ಕೊನೆಯಲ್ಲಿ ಚಮಚದಿಂದ ನಿಧಾನವಾಗಿ ಬೆರೆಸುತ್ತೇನೆ. ಲೋಟಕ್ಕೆ ಬಗ್ಗಿಸಿ, ತಳವನ್ನು ಮೇಜಿಗೆ ಎರಡು ಸಲ ಮೆಲ್ಲಗೆ ಕುಟ್ಟಿ, ಹತ್ತು ನಿಮಿಷ ಬಿಡುತ್ತೇನೆ. ಹಾಲು ಹಣ್ಣು ಸೇರಿದ್ದಾದ್ದರಿಂದ ಬಹಳ ಹೊತ್ತು ಹೊರಗಿಡಬಾರದು. ತಡವಾಗುವುದಾದರೆ ಫ್ರಿಜ್ಜಿನಲ್ಲಿಡುವುದೇ ಸರಿ.

ಈ ಹತ್ತು ನಿಮಿಷಕ್ಕಾಗಿ ನಾನು ಹತ್ತು ನಿಮಿಷ ಮೊದಲೇ ಏಳಬೇಕಾಯಿತು. ನೊರೆ ಇಳಿಯುವಷ್ಟು ಹೊತ್ತು ಲೋಟವನ್ನು ನಡುವೆ ಇಟ್ಟುಕೊಂಡು ನಾವಿಬ್ಬರೂ ಕುಳಿತಿರುತ್ತಿದ್ದೆವು. ರಾತ್ರಿ ನಿದ್ದೆ ಬಾರದ್ದು, ಬಲಗಾಲು ಜೋಮು ಹಿಡಿಯುವುದು, ಮತ್ತೆ ಬಿದ್ದರೆ ಎಂಬ ಭಯ, ಎಲ್ಲವನ್ನೂ ಅವರು ಹೇಳಿದ್ದು ಆಗಲೇ. ಆಟೋದಲ್ಲಿ ಆಡಿದ ಮಾತಿಗೆ ನಾನು ತಪ್ಪಾಯಿತೆಂದದ್ದೂ ಆಗಲೇ. "ಅದನ್ನ ಇನ್ನೂ ಇಟ್ಕೊಂಡಿದೀಯಾ?" ಎಂದು ನಕ್ಕರು. ಅವರೂ ಇಟ್ಟುಕೊಂಡಿದ್ದರೆಂದು ಆ ನಗುವಿನಲ್ಲೇ ನನಗೆ ತಿಳಿಯಿತು.

ಮೂರು ತಿಂಗಳಲ್ಲಿ ಅವರ ತೂಕ 44 ಕಿಲೋಗೆ ಬಂತು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಕೋಲೂರಿಕೊಂಡು ತುಳಸಿಕಟ್ಟೆಯವರೆಗೆ ತಾವೇ ನಡೆದು ಹೋದರು. ಹಿಂದಿರುಗಿ ಬಂದು ಕುಳಿತವರಿಗೆ ಕಾಫಿ ಕೊಟ್ಟೆ. ಲೋಟದೊಳಗೆ ಇಣುಕಿ ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನೇ, ಕಾಫಿಗೂ ನೊರೆ ಬೇಡ ಅಂದ್ನಾ ನಾನು?"

ಲೋಟ ತೆಗೆದುಕೊಂಡು ಒಳಗೆ ಹೋಗಿ, ಎತ್ತಿ ಹೊಯ್ದು ತಂದೆ.