ಅಘನಾಶಿನಿಯ ಗಜನಿಯಲ್ಲಿ ಎರಡು ದಿನ

ಹಿರಿಯೂರು ಸೀಮೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಸಮಾಜ ವಿಜ್ಞಾನ ಬೋಧಿಸಿದ ನನಗೆ ನೀರೆಂದರೆ ಅಳೆದು ಬಳಸುವ ವಸ್ತು. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ವೇದಾವತಿಯ ಒಣ ಮರಳಿನಲ್ಲಿ ಆಡಿ ಬೆಳೆದ ನನ್ನ ವಿದ್ಯಾರ್ಥಿಗಳಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಅಘನಾಶಿನಿಯ ನೀರನ್ನು ವೇದಾವತಿಗೆ ತಿರುಗಿಸುವ ಯೋಜನೆಯ ಸುದ್ದಿ ಬಂದಾಗ ನಿಮ್ಮಲ್ಲಿ ಹಲವರು ಸಂತೋಷಪಟ್ಟದ್ದು ಸಹಜವೇ. "ಹೇಗೂ ವ್ಯರ್ಥವಾಗಿ ಸಮುದ್ರ ಸೇರೋ ನೀರು ತಾನೇ ಸಾರ್?" ಎಂದು ಒಬ್ಬ ಕೇಳಿದ. ಉತ್ತರ ಹೇಳುವ ಮುನ್ನ ಆ ನದಿಯನ್ನು ಒಮ್ಮೆ ಕಾಣಬೇಕೆನಿಸಿತು. ಕುಮಟಾದಲ್ಲಿ ನೌಕರಿಯಲ್ಲಿರುವ ಇನ್ನೊಬ್ಬ ಹಳೆಯ ಶಿಷ್ಯನ ಆಹ್ವಾನವೂ ಇತ್ತು. ಕಳೆದ ನವೆಂಬರಿನಲ್ಲಿ ಹೋಗಿಬಂದೆ.

ಶಿರಸಿಯ ಸಮೀಪ ಹುಟ್ಟುವ ಅಘನಾಶಿನಿ ಸುಮಾರು 120 ಕಿ.ಮೀ. ಹರಿದು ತದಡಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಅದರ ಹರಿವಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಘಟ್ಟವಿಳಿದ ನದಿ ಕೆಳಗೆ ವಿಶಾಲವಾದ ಅಳಿವೆಯಾಗುತ್ತದೆ. ಬೆನ್ನಿಗೆ ಸಹ್ಯಾದ್ರಿ, ಎದುರಿಗೆ ಸಮುದ್ರ. ನಡುವಣ ಈ ತಗ್ಗಿನಲ್ಲಿ ಮಾಣಿಕಟ್ಟಾ ಮೊದಲಾದ ಊರುಗಳಿವೆ.

ಇಲ್ಲಿಯ ಉಪ್ಪುನೀರಿನ ಗದ್ದೆಗಳಿಗೆ 'ಗಜನಿ' ಎಂದು ಹೆಸರು. ಅಲ್ಲಿ ಬೆಳೆಯುವುದು 'ಕಗ್ಗ'ವೆಂಬ ಭತ್ತ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಎತ್ತರದ ತಳಿಯಿದು. ರಾಸಾಯನಿಕ ಗೊಬ್ಬರವನ್ನು ಬೇಡುವುದಿಲ್ಲ. ಮುಂಗಾರಿನಲ್ಲಿ ಘಟ್ಟದಿಂದಿಳಿದ ಸಿಹಿನೀರು ನೆಲದ ಉಪ್ಪನ್ನು ತೊಳೆದಾಗ ಬಿತ್ತನೆ. ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲು ತೆರೆದು ಭರತದ ನೀರನ್ನು ಒಳಗೆ ಬಿಡುತ್ತಾರೆ. ಕೊಳೆತ ಕೂಳೆಯ ನಡುವೆ ಸಿಗಡಿ, ಮೀನು ಬೆಳೆಯುತ್ತವೆ. ಒಂದೇ ನೆಲ ಮಳೆಗಾಲದಲ್ಲಿ ಗದ್ದೆ, ಬೇಸಿಗೆಯಲ್ಲಿ ಕೆರೆ. ಕಟ್ಟೆಯ ಒಂದು ಕಡೆ ಒಡೆದರೂ ಎಲ್ಲರ ಗದ್ದೆಗೂ ಉಪ್ಪುನೀರು ನುಗ್ಗುವುದರಿಂದ ಇಲ್ಲಿ ಒಂಟಿಯಾಗಿ ಬೇಸಾಯ ಮಾಡುವಂತಿಲ್ಲ.

ಇಳಿತದ ಹೊತ್ತಿನಲ್ಲಿ ಹೆಂಗಸರು ಮೊಣಕಾಲುದ್ದ ನೀರಿಗಿಳಿದು ಚಿಪ್ಪಿಕಲ್ಲು ಆರಿಸುತ್ತಿದ್ದರು. ಆ ಚಿಪ್ಪಿಕಲ್ಲು ಬೆಳೆಯಬೇಕಾದರೂ ಸಿಹಿನೀರು ಉಪ್ಪುನೀರುಗಳು ಹದವಾಗಿ ಬೆರೆಯಬೇಕಂತೆ. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯ ಗೌಡರೊಬ್ಬರೊಡನೆ ನದಿ ತಿರುವಿನ ಮಾತೆತ್ತಿದೆ. ನಾನು ಹಿರಿಯೂರಿನವನೆಂದು ತಿಳಿದೂ ಅವರು ಸಿಡುಕಲಿಲ್ಲ. "ನಿಮ್ಮ ಕಡೆ ನೀರಿಲ್ಲ, ಅದು ಕಷ್ಟವೇ ಮಾಸ್ತರ್ರೇ. ಆದ್ರೆ ಮೇಲಿನ ನೀರು ಕಡಿಮೆಯಾದ್ರೆ ಸಮುದ್ರ ಸುಮ್ನೆ ಕೂಡ್ರೂದಿಲ್ಲ, ಒಳಗೆ ಬರ್ತದೆ" ಎಂದರು. ನನ್ನಲ್ಲಿ ಮರುಮಾತಿರಲಿಲ್ಲ.

ಗಜನಿಯ ಬದುಕು ಸುಖದ್ದೆಂದು ನಾನು ಹೇಳಲಾರೆ. ವರ್ಷವಿಡೀ ಸಿಗಡಿ ಕೃಷಿಗೆ ನೀರು ನಿಲ್ಲಿಸಿದ ಕಡೆ ಕಗ್ಗ ಕಣ್ಮರೆಯಾಗಿದೆ. ಕೆಸರಿಗಿಳಿಯುವ ಯುವಕರು ಕಡಿಮೆ. 2024ರಲ್ಲಿ 4,801 ಹೆಕ್ಟೇರ್ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಬೀಜ ಉಳಿಯದು. ಪ್ರತಿವರ್ಷ ಯಾರಾದರೂ ಬಿತ್ತಲೇಬೇಕು.

ನಮ್ಮ ಸೀಮೆಗೆ ನೀರು ಬೇಡವೆಂದು ಹೇಳುವಷ್ಟು ಕಠಿಣ ಹೃದಯ ನನ್ನದಲ್ಲ. ಬತ್ತಿದ ಕೊಳವೆಬಾವಿಯ ಮುಂದೆ ನಿಂತ ನಿಮ್ಮ ತಂದೆಯರ ಮುಖಗಳು ನನಗೆ ನೆನಪಿವೆ. ಆದರೆ ಪಶ್ಚಿಮಕ್ಕೆ ಹರಿಯುವ ನೀರು ದಾರಿಯುದ್ದಕ್ಕೂ ದುಡಿಯುತ್ತಲೇ ಸಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡು ಬಂದಿದ್ದೇನೆ. ನೆರೆಯವರಲ್ಲಿ ನೀರು ಕೇಳುವುದಾದರೆ, ಅವರು ಕಳೆದುಕೊಳ್ಳುವುದೇನೆಂದು ತಿಳಿದು ಕೇಳೋಣ. ನಮ್ಮ ಕೆರೆಗಳ ಹೂಳನ್ನು ಮೊದಲು ತೆಗೆದು ಕೇಳೋಣ. ನಿಮ್ಮಲ್ಲಿ ಗೋಕರ್ಣಕ್ಕೆ ಹೋಗುವವರು ಅರ್ಧ ದಿನ ಬಿಡುವು ಮಾಡಿಕೊಂಡು, ಮಕ್ಕಳನ್ನೂ ಕರೆದುಕೊಂಡು ಆ ಕಟ್ಟೆಯ ಮೇಲೆ ನಡೆದು ಬನ್ನಿ.