ದಿನಕ್ಕೆ ಹತ್ತು ರೂಪಾಯಿ

ಕೆಲಸ ಬಿಟ್ಟು, ಇಬ್ಬರು ಗೆಳೆಯರ ಜೊತೆ ತಳ್ಳುಗಾಡಿಯವರಿಗೆ ಸೋಲಾರ್ ದೀಪ ಮಾರೋಕೆ ಹೊರಟಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ದುಡ್ಡು ಹೆಂಗೆ ವಸೂಲಿ ಮಾಡ್ತೀಯ?" ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. ತಿಂಗಳಿಗೆ 300 ರೂಪಾಯಿ, 12 ಕಂತು. ಅಮ್ಮ ಕನ್ನಡಕ ಹಾಕ್ಕೊಂಡು ನೋಡಿ, "ಚೆನ್ನಾಗಿದೆ" ಅಂದು ಒಳಗೆ ಹೋದಳು.

ಆರು ತಿಂಗಳಲ್ಲಿ 40 ದೀಪ ಕೊಟ್ಟೆವು. ಮೂರನೇ ಕಂತಿನವರೆಗೂ ಕಟ್ಟಿದವರು 9 ಜನ. ಜನ ಮೋಸಗಾರರು ಅಂತ ಒಂದು ರಾತ್ರಿ ಮೂವರೂ ಕೂತು ತೀರ್ಮಾನ ಮಾಡಿದೆವು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಸೊಪ್ಪು ಮಾರುವ ಅಕ್ಕ ಹೇಳಿದ್ದಿಷ್ಟು: "ಒಂದೇ ಸಲ ಮುನ್ನೂರು ಎಲ್ಲಿಂದ ತರ್ಲಿ ಸಾರ್? ದಿನಾ ಸಾಯಂಕಾಲ ಬಂದು ಹತ್ತು ಇಸ್ಕೊಂಡು ಹೋಗಿ." ಸೆಲ್ಕೋದ ಹರೀಶ್ ಹಂದೆಯವರು ಎಷ್ಟೋ ವೇದಿಕೆಗಳಲ್ಲಿ ಹೇಳಿರೋದೂ ಇದನ್ನೇ. ತಿಂಗಳಿಗೆ 300 ದುಬಾರಿ, ದಿನಕ್ಕೆ 10 ಆದರೆ ಪರವಾಗಿಲ್ಲ ಅನ್ನೋದನ್ನ ಅವರೂ ಬೀದಿ ವ್ಯಾಪಾರಿಯಿಂದಲೇ ಕಲಿತರಂತೆ. 1995ರಲ್ಲಿ ಶುರುವಾದ ಅವರ ಸಂಸ್ಥೆ ಬರೀ ದೀಪ ಮಾರಲಿಲ್ಲ, ಬ್ಯಾಂಕುಗಳ ಬೆನ್ನು ಹತ್ತಿ ಸಾಲವನ್ನೂ ಹೊಂದಿಸಿಕೊಟ್ಟಿತು. ಆ ಭಾಷಣ ಕೇಳಿ ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ!

ಅಷ್ಟೇ ಅಲ್ಲ. ಅಮ್ಮ ಟೈಲರ್. ಶಿವಮೊಗ್ಗದ ನಮ್ಮ ಮನೆ ಬಾಗಿಲಿಗೆ ದಿನಾ ಸಂಜೆ ಪಿಗ್ಮಿಯವರು ಬರ್ತಿದ್ರು. ಹತ್ತು ರೂಪಾಯಿ, ಒಂದು ಸಹಿ, ಎರಡು ಮಾತು. 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈಗಳು ತಮ್ಮ ಬ್ಯಾಂಕಿನಲ್ಲಿ ಶುರು ಮಾಡಿದ ಪದ್ಧತಿ ಇದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯ್ತಲ್ಲ, ಅದೇ. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕೇ ಮನೆಗೆ ಬರುತ್ತೆ. ನನ್ನ ಇಂಜಿನಿಯರಿಂಗ್ ಮೊದಲ ವರ್ಷದ ಫೀಸು ಬಂದಿದ್ದು ಆ ಪಿಗ್ಮಿ ಪುಸ್ತಕದಿಂದ. ಒಂದನೇ ತಾರೀಕು ಸಂಬಳ ಬರೋಕೆ ಶುರುವಾದ ಮೇಲೆ ಅದೆಲ್ಲ ಮರೆತೇ ಹೋಗಿತ್ತು.

"ಆವತ್ತೇ ಯಾಕೆ ಹೇಳ್ಲಿಲ್ಲ?" ಅಂತ ಅಮ್ಮನ ಮೇಲೆ ರೇಗಿದೆ. "ಓದಿದವನು, ಗೊತ್ತಿರುತ್ತೆ ಅಂದ್ಕೊಂಡೆ" ಅಂದಳು.

ಆದರೆ ದಿನಾ ಹೋಗಿ ಹತ್ತು ಇಸ್ಕೊಳ್ಳೋದು ಹೇಳಿದಷ್ಟು ಸುಲಭ ಅಲ್ಲ. ಹೋಗುವವನಿಗೆ ಕಮಿಷನ್ ಕೊಟ್ಟರೆ ನಮಗೇನೂ ಉಳಿಯಲ್ಲ. ದೀಪದ ಬೆಲೆ ಏರಿಸಿದರೆ ಅವರು ಮತ್ತೆ ಸೀಮೆಎಣ್ಣೆ ಬುಡ್ಡಿಗೇ ಹೋಗ್ತಾರೆ. ಹೂಡಿಕೆದಾರರೊಬ್ಬರು ಆ್ಯಪ್ ಮಾಡಿ ಅಂದರು. ಇಬ್ಬರು ಗೆಳೆಯರಲ್ಲಿ ಒಬ್ಬ ವಾಪಸ್ ಕೆಲಸಕ್ಕೆ ಸೇರಿದ. ಸದ್ಯಕ್ಕೆ ಸ್ಕೂಟರ್ ಹತ್ತಿ ನಾನೇ ಹೋಗ್ತಿದ್ದೀನಿ, 31 ಗಾಡಿ.

ಮೊನ್ನೆ ಜೋರು ಮಳೆ, ಯಾರಿಗೂ ವ್ಯಾಪಾರ ಇಲ್ಲ. ಹೋಗೋದೋ ಬೇಡವೋ ತಿಳಿಯದೆ ಅಮ್ಮನಿಗೆ ಫೋನ್ ಮಾಡಿದೆ. ಇಂಥ ದಿನ ಪಿಗ್ಮಿಯವರು ಬರ್ತಿದ್ರಾ?

"ಬರ್ತಿದ್ರಪ್ಪ. ದುಡ್ಡು ಕೇಳ್ತಿರಲಿಲ್ಲ. ಕಾಫಿ ಕುಡ್ಕೊಂಡು ಹೋಗ್ತಿದ್ರು."

ರೈನ್‌ಕೋಟ್ ಹಾಕ್ಕೊಂಡು ಹೊರಟೆ.